ಗಣಕಗಳಿಗೂ ಒಬ್ಬ ನೀರಗಂಟಿ

“ಸರ್ವರ್ ಇಲ್ಲ” ಎಂಬ ಎರಡು ಮಾತುಗಳು ಹಾಸನದ ಸೀಮೆಯಲ್ಲಿ ಈಗ ಮಳೆಬೆಳೆಗಳ ಮಾತಿನಷ್ಟೇ ರೂಢಿಗೆ ಬಂದಿವೆ. ಪಹಣಿಗೆಂದು ಬೆಳಗಿನ ಮೊದಲನೆಯ ಬಸ್ಸಿನಲ್ಲಿ ಹೊರಟು ಬಂದ ರೈತನಿಗೆ ಕಿಟಕಿಯ ಆಚೆಯಿಂದ ಈ ಉತ್ತರ ಬರುತ್ತದೆ. ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಮುದುಕಿಗೂ ಇದೇ ಉತ್ತರ. ಕ್ರಯಪತ್ರದ ನೋಂದಣಿಗೆಂದು ಸಾಕ್ಷಿದಾರರನ್ನು ಕರೆತಂದ ಗೃಹಸ್ಥನಿಗೂ ಇದೇ. ಹೇಳುವವರ ಮುಖದಲ್ಲಿ ಸಂಕೋಚವಿಲ್ಲ, ಕೇಳುವವರ ಮುಖದಲ್ಲಿ ಆಶ್ಚರ್ಯವಿಲ್ಲ. ಗ್ರಹಣ ಹಿಡಿದಾಗ ಯಾರೂ ಯಾರನ್ನೂ ದೂರದಂತೆ ಎಲ್ಲರೂ ಸುಮ್ಮನೆ ಹಿಂದಿರುಗುತ್ತಾರೆ. ಗ್ರಹಣಕ್ಕಾದರೋ ಮೋಕ್ಷಕಾಲವನ್ನು ಪಂಚಾಂಗದಲ್ಲಿ ಮೊದಲೇ ಬರೆದಿರುತ್ತಾರೆ.

ಮೂವತ್ತು ವರ್ಷ ಇಂಥ ಯಂತ್ರಗಳ ಪಾಲನೆಯನ್ನೇ ಉದ್ಯೋಗವಾಗಿ ಮಾಡಿ ಈಗ ಬೂವನಹಳ್ಳಿಯಲ್ಲಿ ನೆಲೆಸಿರುವ ನಮಗೆ ಈ ಮಾತನ್ನು ಕೇಳಿದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಇಲ್ಲದಿರುವುದು ನಿಜವಾಗಿ ಯಾವುದು? ಸರ್ವರೆಂದರೆ ದೂರದ ಕಟ್ಟಡವೊಂದರಲ್ಲಿ ಹಗಲಿರುಳೂ ಎಚ್ಚರವಾಗಿದ್ದು, ಕೇಳಿದವರಿಗೆ ಲೆಕ್ಕಪತ್ರಗಳನ್ನು ತೆಗೆದುಕೊಡುವ ಗಣಕ. ಅದು ಸಂಪೂರ್ಣವಾಗಿ ಕೆಟ್ಟು ನಿಲ್ಲುವುದು ಅಪರೂಪ. ನಡುವೆ ಎಲ್ಲಿಯೋ ರಸ್ತೆ ಅಗೆಯುವವರು ತಂತಿಯನ್ನು ಕಡಿದಿರಬಹುದು. ಕಚೇರಿಯ ಬ್ಯಾಟರಿ ಎರಡು ವರ್ಷಗಳ ಹಿಂದೆಯೇ ಸತ್ತಿದ್ದು, ವಿದ್ಯುತ್ತು ಹೋದ ದಿವಸ ಅದರ ಸಾವು ಪ್ರಕಟವಾಗಿರಬಹುದು. ದಾಖಲೆ ತುಂಬುವ ಜಾಗ ತುಂಬಿಹೋಗಿರಬಹುದು. ಒಂದು ಯಂತ್ರ ಇನ್ನೊಂದನ್ನು ನಂಬುವುದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಹಿಂದಿನ ರಾತ್ರಿ ಮುಗಿದಿರಬಹುದು. ಇವುಗಳಲ್ಲಿ ಮೊದಲನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ಮುಂಚಿತವಾಗಿ ಕಾಣತಕ್ಕ ಸಂಗತಿಗಳು. ಕಾಣುವುದಕ್ಕೆ ಒಬ್ಬ ಮನುಷ್ಯ ಬೇಕು; ಅವನು ಇರುವುದಿಲ್ಲ.

ಈ ಮನುಷ್ಯನಿಗೆ ಇಂಗ್ಲಿಷಿನಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಎಂಬ ದೊಡ್ಡ ಹೆಸರುಂಟು. ನಮ್ಮ ಹಳ್ಳಿಗಳಲ್ಲಿ ಈ ಉದ್ಯೋಗ ಗಣಕಕ್ಕಿಂತ ಬಹಳ ಹಿಂದಿನಿಂದಲೂ ಇತ್ತು. ಅವನನ್ನು ನೀರಗಂಟಿ ಎಂದು ಕರೆಯುತ್ತಿದ್ದೆವು. ಕೆರೆಯನ್ನು ಕಟ್ಟಿಸಿದವರ ಹೆಸರು ಶಾಸನದ ಕಲ್ಲಿನಲ್ಲಿ ಉಳಿಯಿತು. ಏರಿಯ ಮೇಲೆ ನಿತ್ಯವೂ ನಡೆದು, ಇಲಿ ಏಡಿಗಳು ಕೊರೆದ ಬಿಲಗಳನ್ನು ಮಳೆಗಾಲಕ್ಕೆ ಮೊದಲೇ ಮುಚ್ಚಿ, ತೂಬಿನ ಕಲ್ಲನ್ನು ಎಷ್ಟು ಎತ್ತಬೇಕು ಎಷ್ಟು ಹೊತ್ತು ಬಿಡಬೇಕು ಎಂಬುದನ್ನು ತೂಗಿ, ಕಾಲುವೆಯ ತುದಿಯ ಗದ್ದೆಯವನಿಗೂ ಅವನ ಪಾಲನ್ನು ಮುಟ್ಟಿಸಿದವನ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಏರಿ ನಿಂತರೆ ಅವನನ್ನು ಯಾರೂ ಹೊಗಳಲಿಲ್ಲ. ಒಡೆದರೆ ಊರೆಲ್ಲ ಬೈಯಿತು. ಆದರೂ ಕಣದಲ್ಲಿ ರಾಶಿ ಮಾಡುವಾಗ ಅವನ ಪಾಲಿನ ಧಾನ್ಯವನ್ನು ತೆಗೆದಿಡುವ ಪದ್ಧತಿ ಇತ್ತು. ಕೆರೆ ಇರುವತನಕ ನೀರಗಂಟಿಯೂ ಬೇಕೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಈಗಿನ ಕಚೇರಿಗಳಲ್ಲಿ ಯಂತ್ರಕ್ಕೆ ಮಂಜೂರಾತಿ ಸಿಕ್ಕುತ್ತದೆ, ಅದರ ಉದ್ಘಾಟನೆಗೆ ಹಾರ ತುರಾಯಿಗಳೂ ಸಿಕ್ಕುತ್ತವೆ. ಅದನ್ನು ಕಾಯುವವನು ಮಾತ್ರ ಹೊರಗುತ್ತಿಗೆಯ ಹುಡುಗ. ಮುಂದಿನ ವರ್ಷ ಅವನು ಅಲ್ಲಿರುವನೋ ಇಲ್ಲವೋ ಅವನಿಗೇ ತಿಳಿಯದು. ಅವನು ಹೋದ ದಿನ ಯಂತ್ರದ ಮರ್ಮವೂ ಅವನೊಡನೆ ಹೋಗುತ್ತದೆ.

ಹೀಗೆ ಹೇಳಿದುದರಿಂದ ಹಳೆಯ ಕಾಲವೇ ಚೆನ್ನಾಗಿತ್ತೆಂದು ನಾವು ವಾದಿಸುತ್ತಿದ್ದೇವೆಂದು ವಾಚಕರು ಭಾವಿಸಬಾರದು. ಕೈಬರಹದ ಪಹಣಿಯ ಕಾಲದಲ್ಲಿ ರೈತನ ಜಮೀನಿನ ಭವಿಷ್ಯ ಒಬ್ಬನ ಲೇಖನಿಯ ತುದಿಯಲ್ಲಿತ್ತು. ಆ ಲೇಖನಿಗೆ ಮಸಿ ಹಾಕಿಸುವುದಕ್ಕೆ ಏನೇನು ಕೊಡಬೇಕಾಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ೨೦೦೦ನೆಯ ಇಸವಿಯ ಸುಮಾರಿಗೆ ನಮ್ಮ ರಾಜ್ಯದವರು ‘ಭೂಮಿ’ ಎಂಬ ಹೆಸರಿನಲ್ಲಿ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕೇಂದ್ರಗಳಲ್ಲಿ ಕಿಟಕಿಯಿಂದಲೇ ಪ್ರತಿಯನ್ನು ಕೊಡುವ ಏರ್ಪಾಡನ್ನು ಮಾಡಿದರು. ಇದು ಇಡೀ ದೇಶವೇ ಬಂದು ನೋಡಿದ ಕೆಲಸ. ದಾಖಲೆಯನ್ನು ತಿದ್ದುವ ನೌಕರನು ತನ್ನ ಬೆರಳಿನ ಗುರುತನ್ನು ಒತ್ತಿಯೇ ಒಳಹೊಗಬೇಕೆಂದು ಆಗಲೇ ವಿಧಿಸಿದ್ದು ಬಹು ದೂರದೃಷ್ಟಿಯ ಮಾತು. ತಿದ್ದಿದವನು ಯಾರೆಂಬುದು ಯಂತ್ರದಲ್ಲಿ ಉಳಿಯುತ್ತದೆ. (ಗುಪ್ತಪದವನ್ನು ಕಾಗದದಲ್ಲಿ ಬರೆದು ಪರದೆಯ ಅಂಚಿಗೇ ಅಂಟಿಸಿದ ಕಚೇರಿಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ, ಬೆರಳನ್ನು ಹಾಗೆ ಅಂಟಿಸಿಟ್ಟು ಹೋಗುವಂತಿಲ್ಲ.) ಆದರೆ ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಆಜ್ಞೆಯಾದ ದಿನದಿಂದ ರೈತನಿಗೆ ಇನ್ನೊಂದು ಬಾಗಿಲು ಉಳಿಯಲಿಲ್ಲ. ಒಂದೇ ಬಾಗಿಲಿನ ಮನೆಯನ್ನು ಕಟ್ಟಿದವರು ಆ ಬಾಗಿಲು ಸದಾ ತೆರೆದಿರುವಂತೆ ನೋಡಿಕೊಳ್ಳಲು ಬದ್ಧರು.

ಯಂತ್ರದ ಪಾಲನೆ ಎಂದರೇನೆಂಬುದನ್ನು ಕಲಿಯುವುದಕ್ಕೆ ನಮ್ಮ ಅಧಿಕಾರಿಗಳು ಪರದೇಶಕ್ಕೆ ಹೋಗಬೇಕಾಗಿಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ೧೯೮೨ರಿಂದ ಇಸ್ರೋ ಸಂಸ್ಥೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಎಂಬ ಉಪಗ್ರಹ ನಿಯಂತ್ರಣ ಕೇಂದ್ರವಿದೆ. ಭೂಮಿಯಿಂದ ಸುಮಾರು ೩೬,೦೦೦ ಕಿಲೋಮೀಟರು ಮೇಲೆ, ಯಾವ ರಿಪೇರಿಗಾರನೂ ಮುಟ್ಟಲಾಗದ ಎಡೆಯಲ್ಲಿರುವ ಯಂತ್ರಗಳನ್ನು ಈ ಊರಿನಿಂದಲೇ ಸರದಿಯ ಮೇಲೆ ಹಗಲಿರುಳು ಕಾಯುತ್ತಾರೆ. ಅವರ ಪ್ರಾರಂಭವೇನೂ ಸುಗಮವಾಗಿರಲಿಲ್ಲ. ೧೯೮೨ರ ಏಪ್ರಿಲಿನಲ್ಲಿ ಹಾರಿದ ಇನ್‌ಸ್ಯಾಟ್-೧ಎ ದಿಕ್ಕು ಹಿಡಿದು ನಿಲ್ಲುವುದಕ್ಕೆ ಬೇಕಾದ ಇಂಧನ ಬರಿದಾಗಿ ಅದೇ ಸೆಪ್ಟೆಂಬರಿನಲ್ಲಿ ಕೈಬಿಟ್ಟುಹೋಯಿತು. ಮರುವರ್ಷದ ಆಗಸ್ಟಿನಲ್ಲಿ ಚಾಲೆಂಜರ್ ನೌಕೆಯಿಂದ ಇಳಿಸಿದ ಇನ್‌ಸ್ಯಾಟ್-೧ಬಿಯ ಸೌರಫಲಕ ಮೊದಲು ಬಿಚ್ಚಿಕೊಳ್ಳಲೇ ಇಲ್ಲ. ಅದನ್ನೂ ಕಳೆದುಕೊಂಡೆವೆಂದು ಹೆದರಿದ್ದ ಕಾಲದಲ್ಲಿ, ಸೆಪ್ಟೆಂಬರಿನ ಹೊತ್ತಿಗೆ ಫಲಕ ತೆರೆದುಕೊಂಡಿತು; ಆ ಉಪಗ್ರಹ ತನಗೆ ಗೊತ್ತುಮಾಡಿದ ಏಳು ವರ್ಷಗಳ ಆಯುಷ್ಯವನ್ನು ಪೂರ್ತಿ ದುಡಿಯಿತು. ದೇಶದ ಮನೆಮನೆಗಳಿಗೆ ದೂರದರ್ಶನ ತಲುಪಿದ ಕಾಲ ಅದು.

ಇಲ್ಲಿ ದೇಶಾಭಿಮಾನಿಗಳು ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಮೊದಲನೆಯ ಉಪಗ್ರಹಗಳು ಅಮೆರಿಕದ ಕಾರ್ಖಾನೆಯಲ್ಲಿ ತಯಾರಾದುವು. ನಮ್ಮವರೇ ಕಟ್ಟಿದ ಇನ್‌ಸ್ಯಾಟ್-೨ಎ ಮೇಲೇರಿದ್ದು ೧೯೯೨ರ ಜುಲೈನಲ್ಲಿ. ನಡುವಣ ಹತ್ತು ವರ್ಷ ಹಾಸನದ ಪಾಲಕರು ಪರರು ಕಟ್ಟಿದ ಯಂತ್ರವನ್ನು ಕಾದು, ಅದರ ರೋಗಗಳನ್ನು ಅರಿತರು. ಸ್ವದೇಶಿ ಎಂಬುದು ಕಾರ್ಖಾನೆಯಲ್ಲಿ ಹುಟ್ಟುವುದಕ್ಕೆ ಮೊದಲು ಪಾಲನೆಯಲ್ಲಿ ಹುಟ್ಟಿತು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಹಾಸನದ ಕೇಂದ್ರಕ್ಕೇ ಏನಾದರೂ ಆದರೆ ಗತಿಯೇನೆಂದು ಆಲೋಚಿಸಿ ೨೦೦೫ರಲ್ಲಿ ಭೋಪಾಲದಲ್ಲಿ ಎರಡನೆಯ ಕೇಂದ್ರವನ್ನು ಸ್ಥಾಪಿಸಿದರು. ಗಣಕಪಾಲಕನ ಶಾಸ್ತ್ರದ ಮೊದಲನೆಯ ಸೂತ್ರ ಇದೇ: ಯಾವುದು ಅತ್ಯಂತ ಅವಶ್ಯವೋ ಅದರ ಪ್ರತಿ ಬೇರೊಂದು ಊರಿನಲ್ಲಿರಬೇಕು. ಆಕಾಶದ ವ್ಯವಹಾರಕ್ಕೆ ಇಷ್ಟು ಜಾಗರೂಕತೆಯುಳ್ಳ ಊರಿನಲ್ಲಿಯೇ ನೆಲದ ವ್ಯವಹಾರದ ಕಿಟಕಿಗಳು ಒಂದು ಸತ್ತ ಬ್ಯಾಟರಿಯ ದೆಸೆಯಿಂದ ಮುಚ್ಚುವುದು ವಿಚಿತ್ರವಲ್ಲವೆ?

ಪ್ರತಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ದಾಖಲೆಗಳ ಪ್ರತಿ ತೆಗೆಯುತ್ತೇವೆಂದು ಹೇಳುವ ಕಚೇರಿಗಳು ಅನೇಕ. ಆ ಪ್ರತಿಯಿಂದ ದಾಖಲೆಯನ್ನು ಮರಳಿ ಕಟ್ಟಿ ನೋಡಿದ ಕಚೇರಿಗಳು ಬಹು ವಿರಳ. ಬಿತ್ತಿ ನೋಡದ ಬೀಜವನ್ನು ನಂಬಿ ಗದ್ದೆ ಉಳುವ ರೈತ ಎಲ್ಲಿಯೂ ಇಲ್ಲ. ೨೦೨೨ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳಿಗೆ ದುಷ್ಕರ್ಮಿಗಳು ಬೀಗ ಜಡಿದಾಗ ದೇಶದ ಪ್ರಥಮ ವೈದ್ಯಾಲಯದವರು ಹಲವು ದಿನಗಳವರೆಗೆ ಚೀಟಿ ಲೇಖನಿಗಳಿಂದ ಕೆಲಸ ನಡೆಸಬೇಕಾಯಿತು. ನಮ್ಮಲ್ಲಿಯೇ ೨೦೨೫ರ ಆರಂಭದಲ್ಲಿ ನೋಂದಣಿಯ ‘ಕಾವೇರಿ’ ವ್ಯವಸ್ಥೆಯ ಮೇಲೆ ಸುಳ್ಳು ಕೋರಿಕೆಗಳ ಪ್ರವಾಹವನ್ನು ಹರಿಸಿ ಅದನ್ನು ಮುಗ್ಗರಿಸುವಂತೆ ಮಾಡಿದರು. ಇವು ಶತ್ರುಗಳ ಕೃತ್ಯಗಳು. ಇಂಥಲ್ಲಿ ನೌಕರರನ್ನು ದೂರುವುದು ನ್ಯಾಯವಲ್ಲ.

ಇನ್ನು ಕೆಲವು ವಿಪತ್ತುಗಳು ಮಿತ್ರರಿಂದಲೇ ಬರುತ್ತವೆ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯವರು ಕಾವಲಿನ ತಂತ್ರಾಂಶಕ್ಕೆ ಒಂದು ತಪ್ಪು ತಿದ್ದುಪಡಿಯನ್ನು ಕಳುಹಿಸಿದ ಫಲವಾಗಿ ಪ್ರಪಂಚದಲ್ಲಿ ಸುಮಾರು ೮೫ ಲಕ್ಷ ಗಣಕಗಳು ಏಕಕಾಲದಲ್ಲಿ ಮೂರ್ಛೆ ಹೋದುವು. ಕಾವಲುಗಾರನೇ ಮನೆಯ ಬಾಗಿಲಿಗೆ ಅಡ್ಡ ಬಿದ್ದಂತಾಯಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಟ್ಟು ವಿಮಾನಕ್ಕೆ ಹತ್ತಿಸಿದರು. ಪತ್ರಿಕೆಗಳು ಆ ಚೀಟಿಗಳ ಚಿತ್ರವನ್ನು ಪರಿಹಾಸ್ಯವಾಗಿ ಅಚ್ಚುಮಾಡಿದುವು. ನಮಗೆ ಮಾತ್ರ ಅದು ಪರಿಹಾಸ್ಯವಾಗಿ ಕಾಣಲಿಲ್ಲ. ಯಂತ್ರ ಬಿದ್ದರೂ ಪ್ರಯಾಣಿಕನನ್ನು ಹಿಂದಕ್ಕೆ ಕಳುಹಿಸದಿರುವ ಮನಸ್ಸು ಅದರಲ್ಲಿತ್ತು. ಮೂರ್ಛೆಹೋದ ಗಣಕಗಳನ್ನು ಎಬ್ಬಿಸಿದವರೂ ಮನುಷ್ಯರೇ; ಬಹುಪಾಲು ಯಂತ್ರಗಳ ಮುಂದೆ ಒಬ್ಬೊಬ್ಬ ಪಾಲಕ ಕುಳಿತು ಕೈಯಿಂದಲೇ ಆ ಕೆಟ್ಟ ಕಡತವನ್ನು ಅಳಿಸಬೇಕಾಯಿತು. ನಮ್ಮ ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ ೨೦೦೭ರಲ್ಲಿ ಶಂಕುಸ್ಥಾಪನೆಯಾಗಿ, ಕೆಲಸ ನಿಂತು, ೨೦೨೧ರಲ್ಲಿ ಮತ್ತೆ ಕಾಮಗಾರಿ ಆರಂಭವಾದ ವೃತ್ತಾಂತ ವಾಚಕರಿಗೆ ತಿಳಿದೇ ಇದೆ. ವಿಮಾನದಲ್ಲಿ ಹೋಗುವವನಿಗೆ ಸಲ್ಲುವ ಈ ಕೈಬರಹದ ಚೀಟಿಯ ಮರ್ಯಾದೆ, ಅದೇ ಬೂವನಹಳ್ಳಿಯಿಂದ ಅಕ್ಕಿಗೆ ಬಂದ ಮುದುಕಿಗೆ ಏಕೆ ಸಲ್ಲಬಾರದು? ಹೊಲ ಗದ್ದೆಗಳಲ್ಲಿ ದುಡಿದು ಬೆರಳಿನ ಗೆರೆ ಸವೆದವಳ ಗುರುತನ್ನು ಯಂತ್ರ ಹಿಡಿಯದಿದ್ದರೆ ಅದು ಅವಳ ಅಪರಾಧವೆ?

ಪರಾಧೀನತೆಯ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಒಂದು ಉದಾಹರಣೆ ಸಾಕು. ೨೦೨೫ರ ಜುಲೈನಲ್ಲಿ, ರಷ್ಯದವರ ಬಂಡವಾಳವುಳ್ಳ ನಯಾರಾ ಎಂಬ ನಮ್ಮ ದೇಶದ ತೈಲ ಸಂಸ್ಥೆಯ ಮೇಲೆ ಯೂರೋಪಿನವರು ನಿರ್ಬಂಧ ಹಾಕಿದ ಬೆನ್ನಲ್ಲಿಯೇ ಮೈಕ್ರೋಸಾಫ್ಟಿನವರು ಅದರ ಗಣಕಸೇವೆಯನ್ನು ನಿಲ್ಲಿಸಿಬಿಟ್ಟರು. ಸಂಸ್ಥೆ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಸೇವೆ ಮರಳಿತು. ನಿರ್ಬಂಧವನ್ನು ವಿಧಿಸಿದ್ದು ಭಾರತವಲ್ಲ. ಹಣ ಕೊಟ್ಟಿದ್ದವರು ಭಾರತದಲ್ಲಿದ್ದವರು. ಹಿಂದೆ ನಾವು ಮ್ಯಾಂಚೆಸ್ಟರಿನ ಬಟ್ಟೆಯನ್ನು ಬಿಟ್ಟಾಗ ಕನಿಷ್ಠಪಕ್ಷ ಮೈಮೇಲಿದ್ದ ಬಟ್ಟೆಯನ್ನು ಅಲ್ಲಿಂದಲೇ ಎಳೆದುಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ಆದರೆ “ಸರ್ವರ್ ಇಲ್ಲ” ಎಂಬ ಮಾತು ಇಷ್ಟು ಬೇಗ ಹರಡಿದುದಕ್ಕೆ ನಮ್ಮ ದೃಷ್ಟಿಯಲ್ಲಿ ಭಾಷೆಯೇ ಮುಖ್ಯ ಕಾರಣ. ಯಂತ್ರ ತನ್ನ ರೋಗವನ್ನು ಮುಚ್ಚಿಡುವುದಿಲ್ಲ. ಪರದೆಯ ಮೇಲೆ ಬರೆದು ತೋರಿಸುತ್ತದೆ. ಆದರೆ ಇಂಗ್ಲಿಷಿನಲ್ಲಿ, ಅದರಲ್ಲಿಯೂ ತಜ್ಞರಿಗೆ ಮಾತ್ರ ತಿಳಿಯುವ ಇಂಗ್ಲಿಷಿನಲ್ಲಿ. ಗುಮಾಸ್ತೆಗೆ ಅದು ಅರ್ಥವಾಗುವುದಿಲ್ಲ. ತಂತಿ ಕಡಿದರೂ, ಜಾಗ ತುಂಬಿದರೂ, ಅವಧಿ ತೀರಿದರೂ ಅವನು ಕೊಡುವ ಉತ್ತರ ಒಂದೇ. ಎಲ್ಲ ರೋಗಗಳಿಗೂ ‘ಜ್ವರ’ ಎಂದೇ ಹೆಸರಿಟ್ಟ ಊರಿನಲ್ಲಿ ವೈದ್ಯನು ಏನು ಮಾಡಬಲ್ಲ? ಕೆ. ಪಿ. ರಾಯರಂಥವರು ದುಡಿದು ಕನ್ನಡದ ಅಕ್ಷರಗಳನ್ನು ಗಣಕದ ಕೀಲಿಮಣೆಗೆ ಇಳಿಸಿಕೊಟ್ಟರು. ಯೂನಿಕೋಡ್ ಎಂಬ ಸರ್ವಲಿಪಿ ಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ಸ್ಥಾನ ದೊರೆಯಿತು. ಅಕ್ಷರ ಬಂದು ಇಷ್ಟು ಕಾಲವಾದರೂ “ತಂತಿ ಸಂಪರ್ಕ ಕಡಿದಿದೆ, ಇಂಥವರಿಗೆ ತಿಳಿಸಿ” ಎಂದು ಕನ್ನಡದಲ್ಲಿ ಹೇಳುವ ಪರದೆಯನ್ನು ಎಷ್ಟು ಕಚೇರಿಗಳಲ್ಲಿ ಕಂಡಿದ್ದೇವೆ? ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಂತೂ ಬೇರೊಂದು ಗಣಕದಲ್ಲಿ ತೆರೆದರೆ ಭೂತಲಿಪಿಯಂತೆ ಕಾಣುತ್ತವೆ. ಅವುಗಳನ್ನು ಓದಬಲ್ಲ ತಂತ್ರಾಂಶ ಇನ್ನೂ ದೊರೆಯುತ್ತಿರುವಾಗಲೇ ಯೂನಿಕೋಡಿಗೆ ಬದಲಾಯಿಸಿಡುವುದು ಮೇಲು.

ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಒಬ್ಬ ಖಾಯಂ ಗಣಕಪಾಲಕನನ್ನು, ಕನ್ನಡವನ್ನು ಬಲ್ಲವನನ್ನು, ಸಂಬಳ ಬಡ್ತಿಗಳ ಭರವಸೆಯೊಡನೆ ನೇಮಿಸತಕ್ಕದ್ದು. ಆರ್ಥಿಕ ಇಲಾಖೆಯವರು ಹುದ್ದೆಗಳಿಗೆ ಹಣವಿಲ್ಲವೆನ್ನುವರು. ಹೊಸ ಆ್ಯಪುಗಳ ಉದ್ಘಾಟನೆಯನ್ನು ಒಂದು ವರ್ಷ ನಿಲ್ಲಿಸಿ ನೋಡಲಿ. ಯಂತ್ರ ನಿಂತ ದಿನ ಬಂದವರಿಗೆ, ಇಂಥ ದಿನ ಇಂಥ ಹೊತ್ತಿಗೆ ಇವರು ಬಂದಿದ್ದರೆಂದು ಮೊಹರು ಹಾಕಿದ ಚೀಟಿಯನ್ನು ಕೊಡಬೇಕು. ೨೦೧೧ರ ಸಕಾಲ ಕಾಯಿದೆಯ ಗಡುವನ್ನು ಆ ದಿನದಿಂದಲೇ ಎಣಿಸಬೇಕು. ಬೆರಳು ಹಿಡಿಯದಾಗ ಪುಸ್ತಕದಲ್ಲಿ ಬರೆದು ಅಕ್ಕಿ ಕೊಡುವ ಕ್ರಮವನ್ನು ಅಂಗಡಿಯ ಗೋಡೆಯ ಮೇಲೆಯೇ, ಮುದುಕಿಯ ಮೊಮ್ಮಗ ಓದಿ ಹೇಳುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು.

ಇವುಗಳಿಗೆಲ್ಲ ಕಾಲ ಹಿಡಿಯಬಹುದು. ಆದರೆ ಮುಂಗಾರಿನ ಗುಡುಗು ಆರಂಭವಾಗುವುದಕ್ಕೆ ಮೊದಲು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಗಳಲ್ಲಿ ಬ್ಯಾಟರಿಗಳನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಪರೀಕ್ಷಿಸಿದ ದಿನಾಂಕವನ್ನು ಅವುಗಳ ಮೇಲೆಯೇ ಬರೆದು ಅಂಟಿಸುವುದಕ್ಕೆ ಬೆಂಗಳೂರಿನ ಯಾವ ಮಂಜೂರಾತಿಗೂ ಕಾಯಬೇಕಾಗಿಲ್ಲ.