ಹೂಡಿಕೆದಾರರ ಟೀಕೆಗೆ ನೌಕರರ ಉತ್ತರ

2022ರ ನವೆಂಬರ್‌ನಲ್ಲಿ ಲಂಡನ್ನಿನ ಹೂಡಿಕೆ ಸಂಸ್ಥೆ ಟಿಸಿಐ, ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ಗೆ ಬಹಿರಂಗ ಪತ್ರ ಬರೆಯಿತು: ನೌಕರರು ಹೆಚ್ಚಾಗಿದ್ದಾರೆ, ಸಂಬಳ ದುಬಾರಿ, ನಿಮ್ಮ ಚಾಲಕರಹಿತ ಕಾರಿನ ಘಟಕ ವೇಮೊದ ನಷ್ಟವನ್ನು ಇಳಿಸಿ. 2023ರ ಜನವರಿಯಲ್ಲಿ ಆಲ್ಫಾಬೆಟ್‌ನಲ್ಲಿ ಸುಮಾರು 12,000 ಹುದ್ದೆಗಳ ಕಡಿತ ಘೋಷಣೆಯಾಯಿತು. ಇಂಥ ಟೀಕೆಗೆ ನೌಕರರು ಕೊಡುವ ಉತ್ತರಕ್ಕೂ ಕಿವಿಗೊಡಬೇಕು. ಲೆಕ್ಕಪತ್ರದಲ್ಲಿ ಖರ್ಚು ಕಾಣುತ್ತದೆ. ಆದರೆ ತಂತ್ರಜ್ಞಾನ ಎಷ್ಟು ಮಾಗಿದೆ ಎಂಬುದು ಅದನ್ನು ಕಟ್ಟುವವರಿಗೇ ಚೆನ್ನಾಗಿ ಗೊತ್ತು. 2025ರ ಏಪ್ರಿಲ್ ಹೊತ್ತಿಗೆ ಅದೇ ವೇಮೊ ವಾರಕ್ಕೆ 2,50,000 ಬಾಡಿಗೆ ಸವಾರಿಗಳನ್ನು ಒದಗಿಸುತ್ತಿತ್ತು.

ನೌಕರನಿಗೆ ಕೆಲಸ ಉಳಿಸಿಕೊಳ್ಳುವ ಸ್ವಾರ್ಥವಿಲ್ಲವೇ? ಇದೆ, ಹೂಡಿಕೆದಾರನಿಗೂ ಲಾಭದ ಸ್ವಾರ್ಥವಿದೆ. ಹಣ ಹಾಕಿದವರು ಪ್ರಶ್ನಿಸುವುದು ನ್ಯಾಯವೇ. ಸವಾರಿ ಹೆಚ್ಚಿದ ಮಾತ್ರಕ್ಕೆ ಲಾಭ ಬಂತೆಂದೂ ಅಲ್ಲ. ಹಾಗಾಗಿಯೇ, ಮಾತು ಯಾರದೆಂದು ನೋಡದೆ ಆಧಾರವೇನೆಂದು ಕೇಳಿ, ಆಡಳಿತ ಮಂಡಳಿ ಎರಡೂ ವಾದಗಳನ್ನು ಸಮನಾಗಿ ತೂಗಿ ನಿರ್ಧರಿಸಬೇಕು.