ವಿಡಿಯೊ ಕಾಲ್ ಸಿಕ್ಕಿಹಾಕಿಕೊಳ್ಳುವುದೇಕೆ? ಐದು ತಪ್ಪು ಕಲ್ಪನೆಗಳು

ಆನ್‌ಲೈನ್ ಮೀಟಿಂಗ್ ನಡುವೆ ಎದುರಿನವರ ಮುಖ ಅಲುಗಾಡದೆ ನಿಂತರೆ ನಾವು ಬಯ್ಯುವುದು ಇಂಟರ್‌ನೆಟ್ ಸ್ಪೀಡನ್ನು. ವಿಡಿಯೊ ಕಾನ್ಫರೆನ್ಸಿನ ಡೇಟಾ ನೆಟ್‌ವರ್ಕ್‌ನಲ್ಲಿ ಹೇಗೆ ಹರಿಯುತ್ತದೆ ಎಂಬುದನ್ನು ಸಂಶೋಧಕರು 1980ರ ದಶಕದಿಂದಲೂ ಅಳೆಯುತ್ತಾ ಬಂದಿದ್ದಾರೆ. ಅವರ ಲೆಕ್ಕ ನಮ್ಮ ಊಹೆಗಿಂತ ಬೇರೆಯೇ ಇದೆ.

ತಪ್ಪು ಕಲ್ಪನೆ 1: ಕ್ಯಾಮೆರಾ ಆನ್ ಇದ್ದಷ್ಟು ಹೊತ್ತೂ ಡೇಟಾ ಒಂದೇ ಸಮನೆ ಹರಿಯುತ್ತದೆ.

ಸತ್ಯ: 1280×720 ಪಿಕ್ಸೆಲ್ ಚಿತ್ರವನ್ನು ಸಂಕುಚಿಸದೆ, ಪಿಕ್ಸೆಲ್‌ಗೆ 12 ಬಿಟ್‌ನಂತೆ, ಸೆಕೆಂಡಿಗೆ 30 ಫ್ರೇಮ್ ಕಳಿಸಿದರೆ ಸುಮಾರು 332 ಮೆಗಾಬಿಟ್ ಬೇಕು. ಚಿತ್ರವನ್ನು ಸಂಕುಚಿಸುವ ವ್ಯವಸ್ಥೆಯಾದ ಕೋಡೆಕ್ ಇದನ್ನು ಒಂದೆರಡು ಮೆಗಾಬಿಟ್‌ಗೆ ಇಳಿಸುತ್ತದೆ. ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಕಳಿಸುವುದು ಅದರ ಮುಖ್ಯ ಉಪಾಯ. ಸೆಕೆಂಡಿಗೆ 1.2 ಮೆಗಾಬಿಟ್ ಎಂದಿಟ್ಟುಕೊಂಡರೆ ಒಂದು ಫ್ರೇಮಿಗೆ ಸರಾಸರಿ 5,000 ಬೈಟ್, ಅಂದರೆ 1,200 ಬೈಟ್‌ನ ನಾಲ್ಕೈದು ಪ್ಯಾಕೆಟ್ (ಡೇಟಾದ ಕಟ್ಟು). ಆದರೆ ಹೊಸಬರು ಮೀಟಿಂಗ್ ಸೇರಿದಾಗ ಅಥವಾ ಪ್ಯಾಕೆಟ್ ಕಳೆದುಹೋದಾಗ ಇಡೀ ಚಿತ್ರವನ್ನು ಮತ್ತೆ ಕಳಿಸಬೇಕಾಗಬಹುದು. ಆ ಒಂದು ಫ್ರೇಮ್ ಸರಾಸರಿಯ ಹಲವು ಪಟ್ಟು ದೊಡ್ಡದು.

ತಪ್ಪು ಕಲ್ಪನೆ 2: ಟೆಲಿಫೋನಿಗೆ ಒಗ್ಗಿದ ಲೆಕ್ಕ ವಿಡಿಯೊಗೂ ಸಾಕು.

ಸತ್ಯ: ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ 1909ರಲ್ಲಿ ಟೆಲಿಫೋನ್ ಲೆಕ್ಕಕ್ಕೆ ತೋರಿಸಿಕೊಟ್ಟ ದಾರಿಯಲ್ಲಿ ಪ್ರತಿ ಕರೆಯೂ ಇನ್ನೊಂದರ ಹಂಗಿಲ್ಲದೆ ಬರುತ್ತದೆ ಎಂಬ ಊಹೆ ಇದೆ. ವಿಡಿಯೊ ಫ್ರೇಮ್‌ಗಳು ಹಾಗಲ್ಲ. ಮಾತಾಡುವವರು ಕೈ ಬೀಸತೊಡಗಿದರೆ ಈ ಫ್ರೇಮಿನ ಜೊತೆಗೆ ಮುಂದಿನ ಹತ್ತಾರು ಫ್ರೇಮ್‌ಗಳೂ ದೊಡ್ಡವಾಗುತ್ತವೆ. ಅದಕ್ಕೇ 1988ರಲ್ಲಿ ಸಂಶೋಧಕ ಮಗ್ಲಾರಿಸ್ ಮತ್ತು ಸಂಗಡಿಗರು ಈಗಿನ ಫ್ರೇಮಿನ ಗಾತ್ರವನ್ನು ಹಿಂದಿನದಕ್ಕೆ ಕೊಂಡಿ ಹಾಕುವ ಮಾದರಿಯನ್ನು ಮುಂದಿಟ್ಟರು.

ತಪ್ಪು ಕಲ್ಪನೆ 3: ಅಂಕಿಅಂಶಕ್ಕೆ ಚೆನ್ನಾಗಿ ಹೊಂದುವ ಮಾದರಿಯೇ ಒಳ್ಳೆಯ ಮಾದರಿ.

ಸತ್ಯ: ಈ ಕ್ಷೇತ್ರದ ದೊಡ್ಡ ಪಾಠ ಇರುವುದು ಇಲ್ಲೇ. ಹೇಮನ್, ತಬಾತಬಾಯಿ, ಲಕ್ಷ್ಮಣ್ ಎಂಬ ಮೂವರು ಸಂಶೋಧಕರು 1992ರಲ್ಲಿ 30 ನಿಮಿಷದ ನಿಜವಾದ ವಿಡಿಯೊ ಕಾನ್ಫರೆನ್ಸಿನ ಡೇಟಾವನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ ನೋಡಿದರು. ಫ್ರೇಮಿನ ಗಾತ್ರಗಳು ಗಾಮಾ ವಿತರಣೆಯನ್ನು ಅನುಸರಿಸುತ್ತಿದ್ದವು: ಹೆಚ್ಚಿನವು ಸರಾಸರಿಯ ಆಸುಪಾಸಿನಲ್ಲಿ, ಬಲಗಡೆ ಮಾತ್ರ ಉದ್ದನೆಯ ಬಾಲ. ಹಿಂದಿನ ಎರಡು ಫ್ರೇಮ್‌ಗಳನ್ನು ನೆಚ್ಚುವ ಮಾದರಿ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾಯಿತು. ನೆಟ್‌ವರ್ಕಿನ ಪರೀಕ್ಷೆಯಲ್ಲಿ ಫೇಲಾಯಿತು. ಅಪರೂಪಕ್ಕೆ ಬರುವ ಭಾರಿ ಫ್ರೇಮ್‌ಗಳನ್ನು ಅದು ಸರಿಯಾಗಿ ಹಿಡಿಯಲಿಲ್ಲ, ಡೇಟಾ ನಷ್ಟ ಎಷ್ಟೆಂದು ನಿರ್ಧರಿಸುವುದು ಮುಖ್ಯವಾಗಿ ಆ ಫ್ರೇಮ್‌ಗಳೇ. ಕೊನೆಗೆ ಕೆಲಸಕ್ಕೆ ಬಂದದ್ದು ಮೂರೇ ಅಳತೆಗಳಿಂದ ಕಟ್ಟಬಹುದಾದ, ಹಲವು ಸ್ಥಿತಿಗಳ ಮಾರ್ಕೊವ್ ಸರಪಳಿ; ಅದರಲ್ಲಿ ಮುಂದಿನ ಸ್ಥಿತಿ ಈಗಿನ ಸ್ಥಿತಿಯನ್ನಷ್ಟೇ ಅವಲಂಬಿಸುತ್ತದೆ.

ತಪ್ಪು ಕಲ್ಪನೆ 4: ಬಫರ್ (ಡೇಟಾ ಸಾಲಿನಲ್ಲಿ ಕಾಯುವ ಜಾಗ) ದೊಡ್ಡದಾದಷ್ಟೂ ಒಳ್ಳೆಯದು.

ಸತ್ಯ: ಸಿನಿಮಾ ನೋಡುವಾಗ ಕೆಲವು ಸೆಕೆಂಡಿನ ಡೇಟಾ ಮೊದಲೇ ತುಂಬಿಸಿಟ್ಟುಕೊಳ್ಳಬಹುದು, ಮಾತುಕತೆಯಲ್ಲಿ ಅದಕ್ಕೆ ವ್ಯವಧಾನವಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ದಾಟದಿದ್ದರೆ ಸಂಭಾಷಣೆ ಸಲೀಸು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಉದ್ದ ಸಾಲಿನಲ್ಲಿ ಕಾದು ಬಂದ ಪ್ಯಾಕೆಟ್ ತಲುಪಿದರೂ ದಂಡ. ಬಫರಿನ ಗಾತ್ರ ಮಾದರಿಯ ಆಯ್ಕೆಗೂ ಮುಖ್ಯ. 1990ರ ದಶಕದಲ್ಲಿ, ವಿಡಿಯೊ ಟ್ರಾಫಿಕ್ಕಿನ ಏರಿಳಿತಗಳ ನಂಟು ಬಹಳ ದೂರದವರೆಗೆ ಉಳಿಯುತ್ತದೆ, ಹಾಗಾಗಿ ಸರಳ ಮಾದರಿಗಳು ಕೆಲಸಕ್ಕೆ ಬಾರವು ಎಂಬ ವಾದ ಎದ್ದಿತ್ತು. ಆದರೆ ಬಫರ್ ಚಿಕ್ಕದಾದಾಗ ಆ ದೂರದ ನಂಟಿನಿಂದ ಹೆಚ್ಚೇನೂ ಆಗುವುದಿಲ್ಲ, ಹತ್ತಿರದ ಫ್ರೇಮ್‌ಗಳ ನಂಟೇ ಮುಖ್ಯ ಎಂದು ರ್‍ಯೂ ಮತ್ತು ಎಲ್ವಾಲಿದ್ ಎಂಬ ಸಂಶೋಧಕರು 1996ರಲ್ಲಿ ತೋರಿಸಿದರು.

ತಪ್ಪು ಕಲ್ಪನೆ 5: ನೂರು ಕಾಲ್‌ಗಳಿಗೆ ಒಂದರ ಗರಿಷ್ಠ ಬೇಡಿಕೆಯ ನೂರು ಪಟ್ಟು ಬೇಕು.

ಸತ್ಯ: ಮದುವೆ ಮನೆಯಲ್ಲಿ ಸಾವಿರ ಜನಕ್ಕೂ ಒಟ್ಟಿಗೇ ಎಲೆ ಹಾಕುವುದಿಲ್ಲ, ಪಂಕ್ತಿಯ ಮೇಲೆ ಪಂಕ್ತಿ ಏಳುತ್ತದೆ. ಹಾಗೆಯೇ ಎಲ್ಲ ಕಾಲ್‌ಗಳೂ ಒಟ್ಟಿಗೇ ಗರಿಷ್ಠ ಮುಟ್ಟುವುದು ಅಪರೂಪ. ಒಂದು ಕಾಲ್‌ಗೆ ಸೆಕೆಂಡಿಗೆ ಸರಾಸರಿ 1 ಮೆಗಾಬಿಟ್, ಗರಿಷ್ಠ 3 ಮೆಗಾಬಿಟ್, ಮಾನಕ ವಿಚಲನೆ (ಸರಾಸರಿಯ ಸುತ್ತಲಿನ ಏರಿಳಿತದ ಅಳತೆ) 0.5 ಇರಲಿ. ಒಂದಕ್ಕೊಂದು ಸಂಬಂಧವಿಲ್ಲದ ನೂರು ಕಾಲ್‌ಗಳು ಸೇರಿದಾಗ ಸರಾಸರಿ 100ಕ್ಕೆ ಏರುತ್ತದೆ, ವಿಚಲನೆ ಮಾತ್ರ ನೂರರ ವರ್ಗಮೂಲದಷ್ಟು, ಅಂದರೆ ಹತ್ತು ಪಟ್ಟು ಹೆಚ್ಚಿ 5 ಆಗುತ್ತದೆ. ಮೂರು ವಿಚಲನೆಯಷ್ಟು ಜಾಗ ಬಿಟ್ಟರೂ 115 ಮೆಗಾಬಿಟ್ ಸಾಕು, 300 ಬೇಡ. ಆದರೆ ಎಲ್ಲರ ಭಾರಿ ಫ್ರೇಮ್‌ಗಳೂ ಒಂದೇ ಗಳಿಗೆಗೆ ಬಂದರೆ ಈ ಲೆಕ್ಕ ಕೆಡುತ್ತದೆ. ಫ್ರೇಮ್‌ಗಳು ತಾಳಬದ್ಧವಾಗಿ ಬರುವುದರಿಂದ, ಒಂದೇ ಗುಣಲಕ್ಷಣದ ಎರಡು ಕಾಲ್‌ಗಳಲ್ಲೂ ಒಂದಕ್ಕೆ ನಷ್ಟ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗಬಲ್ಲದು ಎಂಬುದೂ 1992ರ ಆ ಅಧ್ಯಯನದಲ್ಲೇ ಕಂಡುಬಂತು.

ಇಂದಿನ ಆ್ಯಪ್‌ಗಳು ದಟ್ಟಣೆ ಕಂಡೊಡನೆ ಚಿತ್ರದ ಗುಣಮಟ್ಟವನ್ನು ತಾವೇ ಇಳಿಸಿಕೊಳ್ಳುತ್ತವೆ, ಆದ್ದರಿಂದ ಹಳೆಯ ಮಾದರಿಗಳ ಅಂಕಿಗಳನ್ನು ಹಾಗೇ ಎತ್ತಿ ಬಳಸುವಂತಿಲ್ಲ, ಹೊಸದಾಗಿ ಅಳೆಯಬೇಕು. ಅವುಗಳ ತಿರುಳು ಮಾತ್ರ ಬದಲಾಗಿಲ್ಲ: ಕಾಲ್ ಕೆಡಿಸುವುದು ಸರಾಸರಿಯಲ್ಲ, ಏರಿಳಿತ. ಮುಂದಿನ ಸಲ ಮನೆಗೋ ಕಚೇರಿಗೋ ಇಂಟರ್‌ನೆಟ್ ಹಾಕಿಸುವಾಗ ಡೌನ್‌ಲೋಡ್ ಸ್ಪೀಡ್ ಒಂದನ್ನೇ ಕೇಳಬೇಡಿ. ಅಪ್‌ಲೋಡ್ ಎಷ್ಟು, ವಿಳಂಬ ಎಷ್ಟು, ಆ ವಿಳಂಬ ಎಷ್ಟು ಹೊಯ್ದಾಡುತ್ತದೆ ಎಂದು ವಿಚಾರಿಸಿ. ಅದನ್ನೂ ನಿಮ್ಮ ಮೀಟಿಂಗ್ ನಡೆಯುವ ಹೊತ್ತಿನಲ್ಲೇ ಅಳೆದು ನೋಡಿ.