ಪದವಿಗೂ ಬೇಕು ಒಂದು ಶಾಸನ

ಚಿತ್ರದುರ್ಗದ ಬೆಟ್ಟಗಳ ಮರೆಯಲ್ಲಿ ಅಡಗಿರುವ ಚಂದ್ರವಳ್ಳಿಗೆ ಹೋದವರು ಸಾಮಾನ್ಯವಾಗಿ ಅಲ್ಲಿಯ ಕೆರೆಯನ್ನು ನೋಡಿ, ಗುಹೆಯೊಳಗೆ ಹೊಕ್ಕು ಬಂದು, ಬುತ್ತಿ ಬಿಚ್ಚಿ ಉಂಡು ಹಿಂದಿರುಗುತ್ತಾರೆ. ಭೈರವೇಶ್ವರನ ಗುಡಿಯ ಬಳಿಯ ಬಂಡೆಯೊಂದರ ಮೇಲೆ ಕೆತ್ತಿರುವ ಕೆಲವೇ ಸಾಲುಗಳ ಮುಂದೆ ನಿಲ್ಲುವವರು ವಿರಳ. ಆ ಕೆರೆಯ ಕಾರ್ಯವನ್ನು ಮಾಡಿಸಿದವನು ಕದಂಬರ ಮಯೂರಶರ್ಮ ಎಂಬುದನ್ನು ಸಾರುವ ಪ್ರಾಕೃತ ಶಾಸನವದು. ಕೆರೆ ಯಾರದೆಂದು ಇಂದು ಯಾರಾದರೂ ಪ್ರಶ್ನಿಸಿದರೆ ಊರವರ ಬಾಯಿಮಾತನ್ನು ಆಶ್ರಯಿಸಬೇಕಾಗಿಲ್ಲ. ಬಂಡೆಯೇ ಸಾಕ್ಷಿ ನುಡಿಯುತ್ತದೆ. ಕಲ್ಲಿನ ಮೇಲಿನ ಬರಹಕ್ಕೂ, ಶಾಸನಸಭೆ ಮಾಡುವ ಕಾನೂನಿಗೂ ನಮ್ಮ ಕನ್ನಡದಲ್ಲಿ ಒಂದೇ ಹೆಸರು: ಶಾಸನ.

ಈ ಮಯೂರಶರ್ಮನೇ ತನ್ನ ತಾತ ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದನೆಂದು ತಾಳಗುಂದದ ಶಾಸನ ತಿಳಿಸುತ್ತದೆ. ಅಂದು ವಿದ್ಯಾರ್ಥಿಯೇ ವಿದ್ಯಾಪೀಠವನ್ನು ಅರಸಿಕೊಂಡು ದೂರದೇಶಕ್ಕೆ ಹೋಗಬೇಕಾಗಿತ್ತು. ಇಂದಾದರೋ ವಿದ್ಯಾಪೀಠವೇ ವಿದ್ಯಾರ್ಥಿಯನ್ನು ಅರಸಿಕೊಂಡು ಅವನ ಅಂಗೈಯಲ್ಲಿರುವ ಮೊಬೈಲಿಗೆ ಬರುತ್ತದೆ. “ಮನೆಯಲ್ಲೇ ಕುಳಿತು ಪದವಿ ಪಡೆಯಿರಿ” ಎಂಬ ಜಾಹೀರಾತನ್ನು ಕಾಣದ ಕಣ್ಣು ಈಗ ಯಾವುದಿದೆ?

ಈ ಅನುಕೂಲ ಅಲ್ಪವಾದುದಲ್ಲ. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಚಿತ್ರದುರ್ಗದ ಸಮೀಪದ ಗುಡ್ಡದ ರಂಗವ್ವನಹಳ್ಳಿಯಲ್ಲಿ ಅದರ ಸ್ನಾತಕೋತ್ತರ ಕೇಂದ್ರ ನಡೆಯುತ್ತಿದೆ. ಆದರೆ ಹೊಸದುರ್ಗದಲ್ಲಿ ಅಂಗಡಿಯ ಲೆಕ್ಕ ಬರೆಯುವ ತರುಣನಿಗೆ, ಹಿರಿಯೂರಿನಲ್ಲಿ ಎರಡು ಮಕ್ಕಳನ್ನು ಶಾಲೆಗೆ ಕಳುಹಿಸಿ ಅಡುಗೆಮನೆಗೆ ಹಿಂದಿರುಗುವ ಗೃಹಿಣಿಗೆ, ಪ್ರತಿದಿನ ಬಸ್ಸು ಹಿಡಿದು ತರಗತಿಗೆ ಹೋಗುವುದು ಸಾಧ್ಯವೇ? ಅಂಥವರ ಪಾಲಿಗೆ ಆನ್‌ಲೈನ್ ಶಿಕ್ಷಣ ಒಂದು ವರವೆಂಬುದರಲ್ಲಿ ಸಂದೇಹವಿಲ್ಲ. ಮನ್ನಣೆ ಪಡೆದ ಆನ್‌ಲೈನ್ ಪದವಿ ಕಾಲೇಜಿನಲ್ಲಿ ಕುಳಿತು ಗಳಿಸಿದ ಪದವಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವೇ (ಯು.ಜಿ.ಸಿ.) 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ವಾಚಕರು ಗಮನಿಸಬೇಕು: ‘ಮನ್ನಣೆ ಪಡೆದ’ ಎಂಬ ಎರಡು ಪದಗಳಲ್ಲಿಯೇ ಇರುವುದು ಎಲ್ಲ ಮರ್ಮ.

ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. ತಂದೆ ಹೊಳಲ್ಕೆರೆಯಲ್ಲಿ ಅಡಕೆ ತೋಟವಿಟ್ಟುಕೊಂಡಿರುವ ನಿವೃತ್ತ ಉಪಾಧ್ಯಾಯರು. ಮಗಳನ್ನು ಹಿರಿಯೂರಿಗೆ ಕೊಟ್ಟಿದೆ. ಅವಳಿಗೆ ಎಂ.ಎ. ಮಾಡುವ ಹಂಬಲ. ಒಂದು ಮಧ್ಯಾಹ್ನ ಅವಳ ಮೊಬೈಲಿಗೆ ಯಾರೋ ‘ಶಿಕ್ಷಣ ಸಲಹೆಗಾರ’ರಿಂದ ಕರೆ ಬರುತ್ತದೆ. ಸಂಜೆಯೊಳಗೆ ಹಣ ಕಟ್ಟಿದರೆ ಶುಲ್ಕದಲ್ಲಿ ಅರ್ಧ ಮಾಫಿಯಂತೆ! ಅವಳು ಸಡಗರದಿಂದ ತಂದೆಗೆ ಫೋನು ಮಾಡುತ್ತಾಳೆ.

“ಅಪ್ಪಾಜಿ, ಪೂರ್ಣ ಮಾನ್ಯತೆ ಇರುವ ಯೂನಿವರ್ಸಿಟಿಯಂತೆ. ಇವತ್ತೇ ಸೇರಿಬಿಡಲೇ?”

“ಮಾನ್ಯತೆ ಕೊಟ್ಟವರು ಯಾರಂತಮ್ಮ?”

“ಅದೆಲ್ಲ ಅವರ ವೆಬ್‌ಸೈಟಿನಲ್ಲೇ ಇದೆಯಂತೆ.”

“ಮೊಸರು ಮಾರುವವಳು ತನ್ನ ಮೊಸರನ್ನು ಹುಳಿ ಅಂದಾಳೇನಮ್ಮ? ಒಂದೆರಡು ದಿನ ತಡಿ. ವಿಚಾರಿಸೋಣ.”

ಆ ತಂದೆ ವಿಚಾರಿಸಬೇಕಾದುದು ಏನನ್ನು? ಯಾರಲ್ಲಿ? ಈ ಲೇಖನದ ವಿಷಯ ಅಷ್ಟೆ.

ಹೆಸರೊಂದೇ ಸಾಲದು

ಪದವಿ ಕೊಡುವ ಹಕ್ಕು ಕಟ್ಟಡದಿಂದ ಬರುವುದಿಲ್ಲ. ದೊಡ್ಡ ಹೆಸರಿನಿಂದಲೂ ಬರುವುದಿಲ್ಲ. 1956ರ ಯು.ಜಿ.ಸಿ. ಶಾಸನದ 22ನೆಯ ಪ್ರಕರಣ ಇದನ್ನು ಸ್ಪಷ್ಟವಾಗಿ ವಿಧಿಸಿದೆ. ಪಾರ್ಲಿಮೆಂಟಿನ ಅಥವಾ ರಾಜ್ಯದ ಶಾಸನದಿಂದ ಹುಟ್ಟಿದ ವಿಶ್ವವಿದ್ಯಾನಿಲಯ, ಅದೇ ಕಾನೂನಿನ 3ನೆಯ ಪ್ರಕರಣದಂತೆ ‘ಡೀಮ್ಡ್’ ವಿಶ್ವವಿದ್ಯಾನಿಲಯವೆಂದು ಘೋಷಿತವಾದ ಸಂಸ್ಥೆ, ಪಾರ್ಲಿಮೆಂಟಿನಿಂದ ವಿಶೇಷಾಧಿಕಾರ ಪಡೆದ ಸಂಸ್ಥೆ — ಇವುಗಳಿಗೆ ಮಾತ್ರ ಪದವಿ ನೀಡುವ ಹಕ್ಕು. ಉಳಿದವರು ‘ವಿಶ್ವವಿದ್ಯಾನಿಲಯ’ ಎಂಬ ಹೆಸರನ್ನೇ ಇಟ್ಟುಕೊಳ್ಳಕೂಡದೆಂದು 23ನೆಯ ಪ್ರಕರಣ ಹೇಳುತ್ತದೆ.

ಹಾಗಿದ್ದರೂ ಹೆಸರಿಟ್ಟುಕೊಳ್ಳುವವರು ಇದ್ದಾರೆ. ಯು.ಜಿ.ಸಿ. ಆಗಾಗ ಪ್ರಕಟಿಸುವ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ನಮ್ಮ ಕರ್ನಾಟಕದ ಹೆಸರೂ ಸೇರಿರುವುದು ವಿಷಾದದ ಸಂಗತಿ. ಬೆಳಗಾವಿ ಜಿಲ್ಲೆಯ ಗೋಕಾಕದ ವಿಳಾಸ ಹೊತ್ತ ‘ಬಡಗನವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಷನ್ ಸೊಸೈಟಿ’ ಎಂಬುದು ಅನೇಕ ವರ್ಷಗಳ ಪಟ್ಟಿಗಳಲ್ಲಿ ಕಾಣಿಸಿಕೊಂಡಿತು. 2023ರ ಪಟ್ಟಿಯಲ್ಲಿಯೂ ಇತ್ತು. ಹೆಸರಿನಲ್ಲಿ ಸರ್ಕಾರವಿದೆ, ಜಗತ್ತಿದೆ, ಮುಕ್ತ ಶಿಕ್ಷಣವಿದೆ, ಇಲ್ಲದಿರುವುದು ಶಾಸನವೊಂದೇ! ಇಂಥ ಅಪರಾಧಕ್ಕೆ 1956ರ ಕಾನೂನು ವಿಧಿಸಿದ ದಂಡ ಹೆಚ್ಚೆಂದರೆ 1,000 ರೂಪಾಯಿ. ಒಬ್ಬ ವಿದ್ಯಾರ್ಥಿಯ ಶುಲ್ಕದ ಮೂಲೆಗೂ ಸಾಲದ ಈ ದಂಡಕ್ಕೆ ಅಂಜುವವರು ಯಾರು? ಆದುದರಿಂದ ಕಾನೂನು ಕಾಪಾಡೀತೆಂದು ಗೃಹಸ್ಥನು ಕೈಕಟ್ಟಿ ಕೂರುವಂತಿಲ್ಲ.

ಇನ್ನು ಶಾಸನವೇ ದೋಷಯುಕ್ತವಾದರೆ? ಅದೂ ನಡೆದುಹೋಗಿದೆ. ಛತ್ತೀಸಗಢದ 2002ರ ಶಾಸನವೊಂದರ ಬಲದಿಂದ ಅಲ್ಪಕಾಲದಲ್ಲಿ 112 ಖಾಸಗಿ ವಿಶ್ವವಿದ್ಯಾನಿಲಯಗಳು ಅಣಬೆಗಳಂತೆ ಎದ್ದವು. ವಿಜ್ಞಾನಿ ಪ್ರೊಫೆಸರ್ ಯಶಪಾಲರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 2005ರ ಫೆಬ್ರವರಿ 11ರಂದು ನ್ಯಾಯಾಲಯವು ಆ ಶಾಸನದ ಮುಖ್ಯ ಪ್ರಕರಣಗಳನ್ನು ಅಸಿಂಧುವೆಂದು ಸಾರಿತು. ಅವುಗಳ ಆಸರೆಯಲ್ಲಿ ನಿಂತಿದ್ದ ವಿಶ್ವವಿದ್ಯಾನಿಲಯಗಳೂ ಅಳಿದವು.

ನಿಜವಾದ ವಿಶ್ವವಿದ್ಯಾನಿಲಯ, ಆದರೂ...

“ನಾವು ಸೇರಬೇಕೆಂದಿರುವುದು ನಕಲಿಯಲ್ಲ, ಸರ್ಕಾರವೇ ಸ್ಥಾಪಿಸಿದ್ದು” ಎಂದು ಕೆಲವರು ನೆಮ್ಮದಿಯಿಂದ ಇರಬಹುದು. ಅವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಪ್ರಸಂಗವನ್ನು ನೆನೆಯುವುದು ಒಳಿತು. ಇದು 1992ರ ರಾಜ್ಯ ಶಾಸನದಂತೆ 1996ರಲ್ಲಿ ಕಾರ್ಯಾರಂಭ ಮಾಡಿದ, ಎಲ್ಲ ವಿಧದಲ್ಲೂ ನಿಜವಾದ ವಿಶ್ವವಿದ್ಯಾನಿಲಯ. ಕಾಲೇಜಿನ ಮೆಟ್ಟಿಲು ಹತ್ತಲಾರದ ಸಹಸ್ರಾರು ಕನ್ನಡಿಗರಿಗೆ ಪದವಿಯ ಬಾಗಿಲು ತೆರೆದ ಸಂಸ್ಥೆ. ಆದರೂ 2015ರ ಜೂನ್ ತಿಂಗಳಲ್ಲಿ ಯು.ಜಿ.ಸಿ. ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತು: 2012–13ರ ನಂತರ ಆ ಸಂಸ್ಥೆಯ ಶಿಕ್ಷಣಕ್ರಮಗಳಿಗೆ ಮನ್ನಣೆ ಇಲ್ಲ! ರಾಜ್ಯದ ಎಲ್ಲೆಯಾಚೆ, ಖಾಸಗಿ ಸಂಸ್ಥೆಗಳ ಸಹಯೋಗದಿಂದ ಶಿಕ್ಷಣ ನಡೆಸಿದ್ದು ಆಯೋಗದ ಮುಖ್ಯ ಆಕ್ಷೇಪಗಳಲ್ಲೊಂದು.

ತಪ್ಪು ಯಾರದೇ ಇರಲಿ, ನೋವು ವಿದ್ಯಾರ್ಥಿಗಳದಾಯಿತು. 2013–14 ಮತ್ತು 2014–15ರಲ್ಲಿ ಸೇರಿದ್ದವರು ಶುಲ್ಕ ಕಟ್ಟಿದ್ದರು, ಓದಿದ್ದರು. ಆದರೂ ಅವರ ಓದಿನ ಬೆಲೆಯೇ ಪ್ರಶ್ನೆಗೊಳಗಾಯಿತು. 2018ರ ಆಗಸ್ಟಿನಲ್ಲಿ ಮನ್ನಣೆ ಮರಳಿ ದೊರೆತು, ವಿಶ್ವವಿದ್ಯಾನಿಲಯ ಮತ್ತೆ ತಲೆಯೆತ್ತಿ ನಿಂತಿತು. ಆದರೆ ಆ ಮನ್ನಣೆಯೂ 2018–19ರಿಂದ ಮುಂದಕ್ಕೆ, ಹೆಸರಿಸಿದ ಶಿಕ್ಷಣಕ್ರಮಗಳಿಗೆ ಮಾತ್ರ.

ಇದರಿಂದ ಕಲಿಯಬೇಕಾದ ಪಾಠವೊಂದಿದೆ. ಮನ್ನಣೆ ಎಂಬುದು ಸಂಸ್ಥೆಗೆ ಒಮ್ಮೆ ಕಟ್ಟಿದ ಶಾಶ್ವತ ತಾಳಿಯಲ್ಲ. ಅದು ಇಂಥ ವರ್ಷಕ್ಕೆ, ಇಂಥ ವಿಷಯಕ್ಕೆ, ಇಂಥ ವಿಧಾನಕ್ಕೆ ಎಂದು ಕೊಟ್ಟ ಅಪ್ಪಣೆ. ಅಂಚೆ ತೆರಪಿನ ಶಿಕ್ಷಣಕ್ಕೆ ಅಪ್ಪಣೆಯಿದ್ದ ಮಾತ್ರಕ್ಕೆ ಆನ್‌ಲೈನಿಗೆ ಇದೆಯೆಂದಲ್ಲ, ಎಂ.ಎ.ಗೆ ಇದ್ದರೆ ಎಂ.ಬಿ.ಎ.ಗೂ ಇದೆಯೆಂದಲ್ಲ, ಕಳೆದ ವರ್ಷ ಇದ್ದುದು ಈ ವರ್ಷವೂ ಇರಲೇಬೇಕೆಂದಿಲ್ಲ.

ಮಾನ್ಯತೆ ಕೊಟ್ಟವರಿಗೆ ಮಾನ್ಯತೆ?

‘ಅಕ್ರೆಡಿಟೆಡ್’ ಎಂಬ ಮಾತು ಎರಡು ಬಗೆಯಿಂದ ನಮ್ಮನ್ನು ದಾರಿ ತಪ್ಪಿಸುತ್ತದೆ. 1994ರಲ್ಲಿ ಸ್ಥಾಪಿತವಾಗಿ, ಬೆಂಗಳೂರನ್ನೇ ಕೇಂದ್ರವಾಗಿಟ್ಟುಕೊಂಡಿರುವ ‘ನ್ಯಾಕ್’ ಪರಿಷತ್ತು ವಿದ್ಯಾಸಂಸ್ಥೆಗಳ ಗುಣವನ್ನು ತೂಗಿ ದರ್ಜೆ ಕೊಡುತ್ತದೆ. ಅದು ಗುಣದ ಅಳತೆ. ಆನ್‌ಲೈನ್ ಪದವಿ ನಡೆಸುವ ಅಪ್ಪಣೆಯಲ್ಲ. ಒಳ್ಳೆಯ ದರ್ಜೆಯಿದ್ದರೆ ಅಪ್ಪಣೆ ಕೇಳಲು ಅರ್ಹತೆ ಬರುತ್ತದೆ, ಅಪ್ಪಣೆಯನ್ನು ಯು.ಜಿ.ಸಿ.ಯೇ ಕೊಡಬೇಕು.

ಎರಡನೆಯದು ಇನ್ನೂ ಅಪಾಯಕರ. ಮಾನ್ಯತೆ ಕೊಡುವ ಮಂಡಳಿಯೇ ನಕಲಿಯಾಗಿರಬಹುದು! 2015ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಕರಾಚಿಯ ‘ಆಕ್ಸಾಕ್ಟ್’ ಎಂಬ ಕಂಪನಿಯ ಬಂಡವಾಳವನ್ನು ಬಯಲುಮಾಡಿತು. ಅಮೆರಿಕದ ಹೆಸರು ಹೊತ್ತ ನೂರಾರು ಇಲ್ಲದ ವಿದ್ಯಾಸಂಸ್ಥೆಗಳನ್ನು ಆ ಕಂಪನಿ ಜಾಲತಾಣಗಳಲ್ಲಿ ಸೃಷ್ಟಿಸಿತ್ತು. ಅವುಗಳಿಗೆ ಸರ್ಟಿಫಿಕೇಟು ಕೊಡಲು ಮಾನ್ಯತಾ ಮಂಡಳಿಗಳನ್ನೂ ತಾನೇ ಹುಟ್ಟುಹಾಕಿತ್ತು! ವರನೂ ಅವರೇ, ಪುರೋಹಿತರೂ ಅವರೇ, ಸಾಕ್ಷಿಗಳೂ ಅವರೇ. ಹಣ ತೆತ್ತ ವಧುವಿನ ಕಡೆಯವರು ಮಾತ್ರ ನಿಜ.

ವಿದೇಶದ ಪದವಿಯ ಮೋಹವಿರುವವರು ಇನ್ನೊಂದನ್ನೂ ತಿಳಿದಿರಬೇಕು. ಇಲ್ಲಿಯ ಕೆಲವು ಕಂಪನಿಗಳು ಹೊರದೇಶದ ಸಂಸ್ಥೆಗಳೊಡನೆ ಕೂಡಿಕೊಂಡು ಆನ್‌ಲೈನ್ ಪದವಿ ನೀಡುವುದಾಗಿ ಮಾಡುವ ಜಾಹೀರಾತುಗಳ ವಿಷಯದಲ್ಲಿ ಯು.ಜಿ.ಸಿ. 2023ರ ಡಿಸೆಂಬರಿನಲ್ಲಿ ಎಚ್ಚರಿಕೆ ನೀಡಿತು. ಅಂಥ ಗುತ್ತಿಗೆಯ ಏರ್ಪಾಡಿಗೆ ಅವಕಾಶವಿಲ್ಲ. ಅದರಿಂದ ಬಂದ ಪದವಿಗೆ ಮನ್ನಣೆಯೂ ಇಲ್ಲ.

ಮನೆಯಲ್ಲಿಯೇ ಪರೀಕ್ಷೆ

ಹಾಗಾದರೆ ಹೊಳಲ್ಕೆರೆಯ ನಮ್ಮ ಉಪಾಧ್ಯಾಯರು ಮಾಡಬೇಕಾದುದೇನು? ಇದಕ್ಕೆ ಬೆಂಗಳೂರಿಗೆ ಓಡಬೇಕಾಗಿಲ್ಲ. ಬಂದ ಕರೆಯನ್ನೂ, ಆ ಸಂಸ್ಥೆ ಕಳುಹಿಸಿದ ಕೊಂಡಿಯನ್ನೂ ಬದಿಗಿಟ್ಟು, ಯು.ಜಿ.ಸಿ.ಯ ಜಾಲತಾಣವನ್ನು ತಾವೇ ಹುಡುಕಿ ತೆರೆಯಬೇಕು.

ಮೊದಲು, ಸಂಸ್ಥೆಯ ಹೆಸರು ವಿಶ್ವವಿದ್ಯಾನಿಲಯಗಳ ಅಧಿಕೃತ ಪಟ್ಟಿಯಲ್ಲಿ ಅಕ್ಷರಶಃ ಇದೆಯೇ ನೋಡಬೇಕು. ಹೆಸರಾಂತ ಸಂಸ್ಥೆಯ ಹೆಸರಿಗೆ ಒಂದು ಪದ ಸೇರಿಸಿ ಮೋಸಗೊಳಿಸುವುದು ಹಳೆಯ ಕಸುಬು. ನಕಲಿ ಪಟ್ಟಿಯನ್ನೂ ನೋಡಬೇಕು. ಆದರೆ ಆ ಪಟ್ಟಿಯಲ್ಲಿ ಹೆಸರಿಲ್ಲವೆಂಬುದು ಸಾಚಾತನದ ಪುರಾವೆಯಲ್ಲ. ಸಿಕ್ಕಿಬಿದ್ದ ಕಳ್ಳರ ಪಟ್ಟಿಯಲ್ಲಿ ಸಿಕ್ಕದವನ ಹೆಸರು ಇರುವುದಿಲ್ಲವಷ್ಟೆ.

ಎರಡನೆಯದಾಗಿ, ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗವಾದ ‘ಡೆಬ್’ನ ತಾಣದಲ್ಲಿ ಆಯಾ ಶೈಕ್ಷಣಿಕ ವರ್ಷದ ಪಟ್ಟಿಯನ್ನು ತೆಗೆದು, ತಾನು ಸೇರಬೇಕೆಂದಿರುವ ವಿಷಯವೇ, ಆನ್‌ಲೈನ್ ವಿಧಾನದಲ್ಲಿಯೇ ಇದೆಯೇ ಎಂದು ಪರಿಶೀಲಿಸಬೇಕು.

ಮೂರನೆಯದು, ವಿಷಯದ ವಿಚಾರ. ವೈದ್ಯ, ಇಂಜಿನಿಯರಿಂಗ್, ನರ್ಸಿಂಗ್, ಔಷಧ ವಿಜ್ಞಾನ, ಕಾನೂನು ಮೊದಲಾದ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡುವಂತಿಲ್ಲ, ಪಿಎಚ್.ಡಿ.ಯನ್ನೂ ಕೊಡುವಂತಿಲ್ಲ. ಮನಶ್ಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಆಹಾರ ಮತ್ತು ಪೋಷಣ ವಿಜ್ಞಾನ, ಜೈವಿಕ ತಂತ್ರಜ್ಞಾನಗಳನ್ನೂ 2025ರ ಜುಲೈ–ಆಗಸ್ಟ್ ಪ್ರವೇಶದಿಂದ ನಿಷೇಧಿಸಲಾಗಿದೆ. ಇವನ್ನು ಕೊಡುತ್ತೇವೆಂದು ಯಾರಾದರೂ ಹೇಳಿದರೆ ಮುಂದಿನ ಮಾತೇ ಬೇಡ.

ನಾಲ್ಕನೆಯದಾಗಿ, 2024ರ ಸೆಪ್ಟೆಂಬರ್ ಪ್ರವೇಶದಿಂದ ಪ್ರತಿಯೊಬ್ಬ ಭಾರತೀಯ ವಿದ್ಯಾರ್ಥಿಯೂ ‘ಡೆಬ್ ಐಡಿ’ ಎಂಬ ಗುರುತಿನ ಸಂಖ್ಯೆಯನ್ನು ಪಡೆದೇ ಸೇರಬೇಕು. “ಅದೇನೂ ಬೇಡ, ಹಣ ಕಳಿಸಿ” ಎನ್ನುವವನ ಗುಟ್ಟು ಅಲ್ಲಿಯೇ ಹೊರಬೀಳುತ್ತದೆ. ಶುಲ್ಕವನ್ನಾದರೂ ವಿಶ್ವವಿದ್ಯಾನಿಲಯದ ಹೆಸರಿಗೇ ಕಟ್ಟಬೇಕು, ನಡುವಿನವರ ಖಾತೆಗಲ್ಲ. ಪಟ್ಟಿಯ ಆ ಪುಟವನ್ನು ದಿನಾಂಕ ಸಹಿತ ಅಚ್ಚು ಹಾಕಿಸಿ ರಸೀತಿಯೊಡನೆ ಇಟ್ಟುಕೊಳ್ಳುವುದು ವಿವೇಕ.

ಇಷ್ಟಕ್ಕೂ ತಗಲುವ ಕಾಲ ಒಂದು ಸಂಜೆ. ನಮ್ಮ ಊಹೆಯ ತಂದೆಮಗಳು ಈ ಪರೀಕ್ಷೆಯನ್ನು ಮಾಡಿದರೆನ್ನಿ. ಆ ಸಂಸ್ಥೆಯ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಮರುದಿನ ಮಗಳು ಸಲಹೆಗಾರನನ್ನು ಕೇಳುತ್ತಾಳೆ: “ನಿಮ್ಮ ವಿಶ್ವವಿದ್ಯಾನಿಲಯ ಯಾವ ಶಾಸನದಿಂದ ಸ್ಥಾಪನೆಯಾಯಿತು, ಸಾರ್?” ಅತ್ತ ಕಡೆಯಿಂದ ಉತ್ತರವಿಲ್ಲ. ಅವಳ ಎಂ.ಎ. ಆರು ತಿಂಗಳು ತಡವಾಗಬಹುದು. ಆಗಲಿ. ಹೋದ ಹಣವನ್ನು ಮುಂದಿನ ವರ್ಷದ ಅಡಕೆ ತುಂಬಿಕೊಟ್ಟೀತು. ಮಕ್ಕಳು ಮಲಗಿದ ಮೇಲೆ ದೀಪ ಹಚ್ಚಿಕೊಂಡು ಓದಿದ ಎರಡು ವರ್ಷಗಳನ್ನು ಹಿಂದಕ್ಕೆ ಕೊಡುವವರು ಯಾರು?

ಮುಂದಿನ ಸಲ ಚಂದ್ರವಳ್ಳಿಗೆ ಹೋದಾಗ ಆ ಬಂಡೆಯ ಮುಂದೆ ಒಂದು ಕ್ಷಣ ನಿಲ್ಲಿ. ರಾಜನಾದರೂ ತನ್ನ ಕಾರ್ಯಕ್ಕೆ ಎಲ್ಲರೂ ಓದಬಹುದಾದ ಸಾಕ್ಷಿಯನ್ನು ಬಿಟ್ಟುಹೋದ. ನಮ್ಮ ಮಕ್ಕಳಿಗೆ ಪದವಿ ಕೊಡುವೆವೆನ್ನುವವರಿಂದ ನಾವು ಕೇಳುವುದೂ ಅಷ್ಟನ್ನೇ.